ಸಾವಿರದ ನಾಲ್ಕುನೂರು ಸುತ್ತು

ಮುಂಬಯಿ
11 ಫೆಬ್ರುವರಿ 1974

ಅಕ್ಕ ರಾಯವ್ವನಿಗೆ ತಮ್ಮ ಬಾಳುವಿನ ನಮಸ್ಕಾರ.

ನೀನು ಸುತ್ತಿ ಕಳಿಸಿದ ನಾಲ್ಕೂ ಸುರುಳಿಗಳು ಬಂದು ಮುಟ್ಟಿದವು. ಅರಳೆಯಲ್ಲಿ ಬಾಣಂತಿ ಕೂಸಿನಂತೆ ಸುತ್ತಿಟ್ಟಿದ್ದೆ, ಒಂದಕ್ಕೂ ಪೆಟ್ಟಾಗಿಲ್ಲ. ಒಂದು ವರ್ಷದಿಂದ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಯಂತ್ರ ಶುಕ್ರವಾರ ಎದ್ದು ಬರೆಯಿತು.

ಅದು ಏನು ಬರೆಯುತ್ತದೆ ಅಂತ ಕೇಳಿದ್ದೆಯಲ್ಲ. ಮೊಲದ ತಲೆಗೆ ಸಣ್ಣ ತಂತಿ ಹಚ್ಚುತ್ತಾರೆ. ಮಿದುಳಿನಲ್ಲಿ ಓಡಾಡುವ ಕರೆಂಟು ಇರುವೆಯ ಉಸಿರಿನಷ್ಟು. ಅದನ್ನು ಯಂತ್ರ ದೊಡ್ಡದು ಮಾಡಿ ನಿನ್ನ ಸುರುಳಿಗೆ ಕೊಡುತ್ತದೆ. ಸುರುಳಿ ಅಲುಗಿದರೆ ಅದಕ್ಕೆ ಕಟ್ಟಿದ ಪೆನ್ನು ಅಲುಗುತ್ತದೆ, ಕೆಳಗೆ ಕಾಗದ ಓಡುತ್ತಿರುತ್ತದೆ. ಮೊಲ ನಿದ್ದೆ ಹೋದರೆ ದೊಡ್ಡ ಅಲೆ, ಎದ್ದರೆ ಸಣ್ಣ ಅಲೆ. ಹಳೆಯ ಸುರುಳಿಗಳು ಸುಟ್ಟಾಗ ಪರದೇಶದಿಂದ ತರಿಸಲು ಎರಡು ವರ್ಷದ ಪರವಾನಗಿ ಅಂದಿದ್ದರು. ಈಗ ನಾಲ್ಕೂ ಪೆನ್ನು ಓಡುತ್ತಿವೆ. ನಮ್ಮ ವಿಭಾಗದ ಡಾಕ್ಟರ್ ಆಪಟೆಬಾಯಿ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ, "ಬಂಗಾರದ ಕೈ" ಅಂದರು. ಆಗಸ್ಟ್‌ನಲ್ಲಿ ನನ್ನ ನೌಕರಿ ಕಾಯಂ ಮಾಡಲು ಅವರೇ ಬರೆದುಕೊಡುತ್ತಾರಂತೆ.

ಕಾಲೇಜನ್ನು ಚೆಂದ ಮಾಡುತ್ತಿದ್ದಾರೆ. ಪ್ರಯೋಗಶಾಲೆಯ ಕೆಳಗಿನ ಅಂಗಳಕ್ಕೆ ಸಿಮೆಂಟು ಹಾಕಿ ಹೂವಿನ ಕುಂಡ ಇಡುತ್ತಾರಂತೆ.

ಪತ್ರ ನನ್ನ ಖೋಲಿಯ ವಿಳಾಸಕ್ಕೇ ಬರೆ. ಕಾಲೇಜಿಗೆ ಬೇಡ, ಅಲ್ಲಿ ಕಳೆಯುತ್ತವೆ.

ಬಾಳು


ಬೈಲಹೊಂಗಲ
24 ಫೆಬ್ರುವರಿ 1974

ಬಾಳು,

ನಿನ್ನ ಪತ್ರ ನಾಲ್ಕು ಸಲ ಓದಿದೆ. ಒಂದೊಂದು ಸಲಕ್ಕೂ ಒಂದೊಂದು ಚಿಂತೆ ಹತ್ತಿತು. ಮೊದಲು ಇದನ್ನು ಹೇಳು, ಮೊಲಕ್ಕೆ ನೋವಾಗುತ್ತದೆಯೇನು?

ಎರಡನೆಯದು ಮೂರನೆಯ ಸುರುಳಿಯ ಚಿಂತೆ. ನೂರು ಸುತ್ತಿಗೆ ಒಂದು ಹುಣಸೆಬೀಜ ಬಟ್ಟಲಿಗೆ ಹಾಕುತ್ತೇನೆ, ಹದಿನಾಲ್ಕು ಬೀಜಕ್ಕೆ ಒಂದು ಸುರುಳಿ. ಮೂರನೆಯದು ಸುತ್ತುವಾಗ ಪಕ್ಕದ ಅಂಗಡಿಯಿಂದ ಟೇಲರ್ ಹಜರತಸಾಬ, "ರಾಯವ್ವಾ, ಕಡ್ಡಿಪೆಟಿಗಿ ಐತೇನವಾ?" ಅಂತ ಕೂಗಿದ. ತಿರುಗಿದೆ. ಆಗ ಎಂಟನೆಯ ಬೀಜ ಹಾಕಿದ್ದೆನೋ, ಇನ್ನೂ ಹಾಕಬೇಕಿತ್ತೋ! ಕೊನೆಗೆ ಬಟ್ಟಲಲ್ಲಿ ಹದಿನಾಲ್ಕೇ ಇದ್ದವು. ಆದರೂ ಅವತ್ತಿನಿಂದ ಉಣ್ಣುವಾಗ ತುತ್ತು ಎಣಿಸುತ್ತಿದ್ದೇನೆ. ಅದೇ ತಂತಿಯಲ್ಲಿ ಐದನೆಯದೊಂದು ಸುತ್ತಿ ಸಕ್ಕರೆ ಡಬ್ಬಿಯಲ್ಲಿ ಇಟ್ಟಿದ್ದೇನೆ, ಬೇಕಾದರೆ ಬರೆ.

ಚೀಟಿ ಇಡುವುದನ್ನು ಮರೆತಿಲ್ಲ. ಅಪ್ಪ ಯಾವ ಮೋಟರು ಸುತ್ತಿದರೂ ಮೊದಲನೆಯ ಪದರದ ಕೆಳಗೆ ಹೆಸರು, ತಾರೀಖು ಬರೆದ ಚೀಟಿ ಇಡುತ್ತಿದ್ದನಲ್ಲ, ಹಾಗೇ ನಾಲ್ಕರಲ್ಲೂ ಇಟ್ಟಿದ್ದೇನೆ. ಕೆಲಸ ಕೆಟ್ಟರೆ ಯಾರನ್ನು ಬೈಯಬೇಕು ಅಂತ ಗೊತ್ತಿರಬೇಕು, ಅನ್ನುತ್ತಿದ್ದ.

ಇಲ್ಲಿ ಎಲ್ಲ ಇದ್ದ ಹಾಗೇ. ಬೆಳಗ್ಗೆ ಕಸ ಹೊಡೆದು, ಹಿಂದಿನ ತಗಡಿನ ಕೆಳಗೆ ಅಪ್ಪ ತೋಡಿದ ಅರ್ಥಿಂಗ್ ತೆಗ್ಗಿಗೆ ಒಂದು ಕೊಡ ನೀರು ಸುರಿದು, ಅಂಗಡಿಯಲ್ಲಿ ಕೂಡುವುದು. ನವಿಲುತೀರ್ಥದ ನೀರು ಕಾಲುವೆಗೆ ಬಂದಾಗಿನಿಂದ ಸವದತ್ತಿ ಕಡೆಯ ಸುಟ್ಟ ಪಂಪುಗಳಿಗೆ ಕೊರತೆಯಿಲ್ಲ. ನನ್ನ ಗಂಡ, ನಿನ್ನ ಮಾವ ಲಗಮಣ್ಣ ಬಾಗಿಲಲ್ಲಿ ಎಲೆಯಡಿಕೆ ಹಾಕಿಕೊಂಡು ಕೂಡುತ್ತಾನೆ, ನಾನು ಒಳಗೆ ಸುತ್ತುತ್ತೇನೆ. ಗಿರಾಕಿಗಳು ಅವನಿಗೇ ಉಸ್ತಾದ ಅನ್ನುತ್ತಾರೆ.

ಒಂದು ಮಾತು ಬರೆಯಲೇ ಇಲ್ಲ ನೀನು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು ಸುತ್ತಿದ್ದು ಅಂತ ಹೇಳಿದಾಗ ಬಾಯಿಯವರು ಏನಂದರು?

ರಾಯವ್ವ


ಮುಂಬಯಿ
29 ಏಪ್ರಿಲ್ 1974

ಅಕ್ಕ,

ನನ್ನ ಮುಖಕ್ಕೆ ಮಸಿ ಬಳಿದೆ. ಒಂದು ತಿಂಗಳು ನೆಟ್ಟಗೆ ಬರೆದ ಪೆನ್ನುಗಳು ಈಗ ಮಲೇರಿಯಾ ಬಂದವರ ಹಾಗೆ ನಡುಗುತ್ತಿವೆ. ಮೊದಲು ಸ್ವಲ್ಪ, ದಿನದಿನಕ್ಕೂ ಜಾಸ್ತಿ. ಇದರ ಜೊತೆ ಕಾಗದದ ತುಂಡು ಇಟ್ಟಿದ್ದೇನೆ, ನೋಡು. ಗೆರೆಯಾ ಇದು? ಹಣಿಗೆ! ಮೊಲದ ಅಲೆ ಈ ಹಲ್ಲುಗಳ ಒಳಗೆ ಮುಳುಗಿಹೋಯಿತು. ಮೂರು ಪ್ರಯೋಗ ಹಾಳಾದವು. ಬಾಯಿಯವರು ವಿದ್ಯಾರ್ಥಿಗಳ ಎದುರಿಗೆ ನನ್ನನ್ನು ಬೈದರು. "ಈ ಸುರುಳಿಗಳನ್ನು ನಂಬಿ ನಾನು ಕೆಟ್ಟೆ" ಅಂದರು. ಆಗಸ್ಟ್ ಇನ್ನೆಷ್ಟು ದೂರ ಇದೆ?

ಸುತ್ತು ತಪ್ಪಿದೆ. ನೀನೇ ಬರೆದಿದ್ದೆ, ಎಂಟನೆಯ ಬೀಜ ಹಾಕಿದೆನೋ ಇಲ್ಲವೋ ಅಂತ. ನಿನ್ನ ತಲೆ ಯಾವಾಗ ಒಂದು ಕಡೆ ನಿಂತಿದೆ? ಒಲೆ ಆರಿಸಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ಓಡಿ ಬರುವವಳು ನೀನು. ತಪ್ಪಾಗಿದೆ ಅಂತ ಒಪ್ಪಿಕೊಂಡು ಬೇರೆ ನಾಲ್ಕು ಸುತ್ತಿ ಕಳಿಸು. ಈ ಸಲ ಬಾಗಿಲು ಹಾಕಿಕೊಂಡು ಕೂತು ಸುತ್ತು.

ಬಾಳು


ಬೈಲಹೊಂಗಲ
8 ಮೇ 1974

ಬಾಳು,

ನಿನ್ನ ಪತ್ರ ಬಂದ ದಿನ ನಾನು ಉಣ್ಣಲಿಲ್ಲ. ಹೌದು, ನಾನು ಒಲೆ ನೋಡಲು ಓಡಿ ಬರುವವಳೇ. ಓಡಿ ಬಂದು ನೋಡಿದಾಗ ಒಲೆ ಪ್ರತಿ ಸಲವೂ ಆರಿರುತ್ತಿತ್ತು, ಅದನ್ನೂ ನೆನಪಿಟ್ಟುಕೊ.

ಸಕ್ಕರೆ ಡಬ್ಬಿಯ ಸುರುಳಿ ತೆಗೆದೆ. ಕೂದಲಿಗಿಂತ ಸಣ್ಣ ತಂತಿ. ಒಂದೊಂದೇ ಸುತ್ತು ಬಿಚ್ಚಿ ಎಣಿಸಿದೆ, ಎರಡು ದಿನ ಹಿಡಿಯಿತು. ಸಾವಿರದ ನಾಲ್ಕುನೂರು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎಣಿಸಿ ಮುಗಿಸಿದ ಮೇಲೆ ಹೊಳೆಯಿತು, ಸರಿ ಇತ್ತು ಅನ್ನುವುದಕ್ಕೆ ಇದ್ದ ಒಂದೇ ಸಾಕ್ಷಿಯನ್ನೂ ನನ್ನ ಕೈಯಾರೆ ಬಿಚ್ಚಿ ಹಾಕಿದೆ ಅಂತ. ತಂತಿ ಕಾಲ ಮೇಲೆ ಬಿದ್ದಿತ್ತು. ಲಗಮಣ್ಣ ಬಂದು ನೋಡಿ, "ಏನಬೇ, ಜೇಡರ ಹುಳಾ ಸಾಕೀಯೇನ?" ಅಂದ. ಬಟ್ಟಲು ಎತ್ತಿ ಒಗೆದೆ. ಹುಣಸೆಬೀಜ ಅಂಗಳದ ತುಂಬ.

ಈಗ ನೀನು ತಲೆ ಉಪಯೋಗಿಸು. ಒಂದು ಸುರುಳಿಯಲ್ಲಿ ಸುತ್ತು ತಪ್ಪಿದ್ದರೆ ಆ ಒಂದು ಪೆನ್ನು ಹೆಚ್ಚು ಹಾರಬೇಕು, ಇಲ್ಲವೆ ಕಡಿಮೆ ಹಾರಬೇಕು. ನಾಲ್ಕೂ ಯಾಕೆ ನಡುಗುತ್ತವೆ? ಕರೆಂಟು ಬರದೆ ಸುರುಳಿ ತಾನೇ ನಡುಗಿದ್ದನ್ನು ಎಲ್ಲಾದರೂ ಕಂಡಿದ್ದೀಯಾ? ಎಲ್ಲಿಂದಲೋ ಬೇಡದ ಕರೆಂಟು ಒಳಗೆ ಬರುತ್ತಿದೆ. ಅದನ್ನು ಹುಡುಕುವುದು ಬಿಟ್ಟು ಅಕ್ಕನ ತಲೆಯಲ್ಲಿ ಹುಡುಕುತ್ತೀಯಾ? ನೀನು ಮೆಟ್ರಿಕ್ ಮುಗಿಸಿದವನು.

ಬಾಯಿಯವರಿಗೆ ನಂಬಿಕೆ ಇಲ್ಲದಿದ್ದರೆ ಒಂದು ಸುರುಳಿ ಬಿಚ್ಚಿ ಎಣಿಸಲಿ. ಸುರುಳಿ ಹೋದರೆ ಹೋಗಲಿ, ನಾನು ಬೇರೆ ಸುತ್ತಿ ಕೊಡುತ್ತೇನೆ. ನೀನು ಹೇಳುತ್ತೀಯೋ, ನಾನೇ ಅವರಿಗೆ ಬರೆಯಲೋ?

ರಾಯವ್ವ


ಮುಂಬಯಿ
15 ಮೇ 1974

ಅಕ್ಕ,

ಬಿಚ್ಚುವ ಮಾತು ಎತ್ತಬೇಡ. ಕೈಮುಗಿದು ಕೇಳುತ್ತೇನೆ, ಯಾರೂ ಏನೂ ಬಿಚ್ಚುವುದು ಬೇಡ. ಬಾಯಿಯವರಿಗೆ ಬರೆಯಲೂ ಬೇಡ, ಅವರಿಗೆ ಕನ್ನಡ ಬರುವುದಿಲ್ಲ. ಬೇರೆ ನಾಲ್ಕು ಸುತ್ತಿ ಕಳಿಸು, ಅಷ್ಟೇ. ಚೀಟಿ ಗೀಟಿ ಇಡಬೇಡ, ಅದರಿಂದ ಉಬ್ಬುತ್ತದೆ.

ಬಾಳು


ಬೈಲಹೊಂಗಲ
10 ಜೂನ್ 1974

ಬಾಳು,

ನಾನು ಬರೆದೆ. ನಿನ್ನ ಪತ್ರ ಬರುವ ಮೊದಲೇ ಬರೆದು ಹಾಕಿದ್ದೆ. ಹಜರತಸಾಬ ಮಿರಜಿನಲ್ಲಿ ಹನ್ನೆರಡು ವರ್ಷ ಹೊಲಿದವನು, ಮರಾಠಿ ಅವನಿಗೆ ನೀರು ಕುಡಿದ ಹಾಗೆ. ನಾನು ಹೇಳಿದೆ, ಅವನು ಬರೆದ. ಸುರುಳಿಯಲ್ಲಿ ತಪ್ಪಿಲ್ಲ, ಬೇಕಾದರೆ ಬಿಚ್ಚಿ ಎಣಿಸಿರಿ, ಬಾಳುವನ್ನು ಬೈಯಬೇಡಿರಿ, ಅಂತ. ಕೆಳಗೆ ಅವನ ಅಕ್ಕ ರಾಯವ್ವ, ಬೈಲಹೊಂಗಲ. ಸುತ್ತಿದವಳು ನಾನು ಅಂತ ಬರೆಸಲಿಲ್ಲ. ಅದು ಅವರಿಗೆ ಗೊತ್ತೇ ಇರುತ್ತದೆ ಅಂದುಕೊಂಡಿದ್ದೆ, ಹುಚ್ಚಿ.

ನಿನ್ನೆ ಉತ್ತರ ಬಂತು. ಹಜರತಸಾಬ ಹೊಲಿಗೆ ಯಂತ್ರದ ಮೇಲೆ ಮೊಣಕೈ ಊರಿ ಓದಿದ.

"ಭಾಳ ಚಲೋ ಬರದಾರವಾ ಬಾಯಿಯವರು. 'ನಿಮ್ಮ ಕಾಳಜಿ ನನಗ ತಿಳೀತೈತಿ. ಅಕ್ಕನ ಕರಳು ಹಂಗ ಇರತೈತಿ. ಬಾಳು ಈ ಸುರುಳಿಗೋಳನ ತನ್ನ ಕೈಲೆ, ತನ್ನ ಖೋಲ್ಯಾಗ ಕುಂತು ಸುತ್ಯಾನ...'"

ಅಲ್ಲಿಗೆ ನಿಂತ. ನನ್ನ ಮುಖ ನೋಡಿದ. ಕಾಗದ ನೋಡಿದ.

"ಓದ್ರಿ" ಅಂದೆ.

"'ಅಂಥಾ ಕೈ ಇದ್ದಾಂವನ ತಪ್ಪಾದ್ರ ಬೈಬೇಕಾಗತೈತಿ. ನೀವು ಚಿಂತಿ ಮಾಡಬ್ಯಾಡ್ರಿ.'" ಕಾಗದ ಮಡಚಿ ನನ್ನ ಕೈಗೆ ಕೊಟ್ಟು, ಹೊಲಿಯಲು ಶುರು ಮಾಡಿದ. ಸೂಜಿಯಲ್ಲಿ ದಾರವೇ ಇರಲಿಲ್ಲ.

ನಿನ್ನ ಕೈ! ಬೆಳಕಿಗೆ ಹಿಡಿದು ನೋಡಿದ್ದು ನನ್ನ ಕೈ, ಬಂಗಾರ ಅಂದಿದ್ದು ನನ್ನ ಕೈಗೆ, ಅದನ್ನು ನೀನು ತೋಳಿನ ತನಕ ಕತ್ತರಿಸಿ ತೊಟ್ಟುಕೊಂಡೆಯಾ? ಚೀಟಿ ಇಟ್ಟರೆ ಉಬ್ಬುತ್ತದೆ ಅಂದೆಯಲ್ಲ, ಏನು ಉಬ್ಬುತ್ತದೆ, ನಿನ್ನ ಹೊಟ್ಟೆಯೊಳಗಿನ ಸುಳ್ಳೋ? ಬಿಚ್ಚಿದರೆ ನನ್ನ ಹೆಸರು ಬರುತ್ತದೆ ಅಂತ ಹೆದರಿ, ಒಂದೂವರೆ ತಿಂಗಳು ನನ್ನನ್ನೇ ಎಣಿಕೆ ಬಾರದವಳು ಅಂದೆ. ನಾನು ನಂಬಿದ್ದೆನಲ್ಲೋ! ನನ್ನ ತಲೆಯೇ ಸರಿಯಿಲ್ಲ ಅಂತ ಯಲ್ಲಮ್ಮನಿಗೆ ಹರಕೆ ಹೊತ್ತಿದ್ದೆ.

ಅಪ್ಪ ನನ್ನನ್ನು ಸಾಲಿ ಬಿಡಿಸಿದ್ದು ಸಣ್ಣ ತಂತಿಗೆ ಸಣ್ಣ ಬೆರಳು ಬೇಕು ಅಂತ. ನಿನ್ನ ಪಾಟಿ, ಪುಸ್ತಕ ಆ ಬೆರಳಿನಿಂದ ಬಂದವು. ಅದನ್ನು ಯಾವತ್ತೂ ಆಡಿ ತೋರಿಸಿರಲಿಲ್ಲ. ಇವತ್ತು ಆಡಿದೆ.

ರಾಯವ್ವ


ಮುಂಬಯಿ
19 ಜೂನ್ 1974

ಅಕ್ಕ,

ಬೈದೆ, ಬೈ. ಆದರೆ ನನ್ನ ಮಾತನ್ನೂ ಕೇಳು.

ಸುರುಳಿ ಬಂದ ದಿನ ಬಾಯಿ "ಯಾರು ಸುತ್ತಿದ್ದು?" ಅಂತ ಕೇಳಿದರು. ಆರು ಜನ ಡಾಕ್ಟರರು ನಿಂತಿದ್ದರು. ಅಕ್ಕ ಅನ್ನಲು ಬಾಯಿ ತೆರೆದೆ, ನಾನು ಅಂದುಬಿಟ್ಟೆ. ಮೊಲದ ಪಂಜರ ತೊಳೆಯುವವನು ನಾನು. ನಾಲ್ಕು ವರ್ಷದಿಂದ ನನಗೆ ಅಲ್ಲಿ ಹೆಸರಿಲ್ಲ, ಏ ಅನ್ನುತ್ತಾರೆ. ಅವತ್ತು ಎಲ್ಲರೂ ನನ್ನ ಕಡೆ ತಿರುಗಿದರು. ಊರಲ್ಲಿ ಒಬ್ಬ ಹೆಂಗಸು ಹುಣಸೆಬೀಜ ಎಣಿಸಿ ಸುತ್ತಿದಳು ಅಂದಿದ್ದರೆ ಅವರು ಅದನ್ನು ಯಂತ್ರಕ್ಕೆ ಹಾಕುತ್ತಿದ್ದರೇ? ನಕ್ಕು ಪೆಟ್ಟಿಗೆ ಮುಚ್ಚುತ್ತಿದ್ದರು. ಹೊಗಳಿಕೆ ಒಂದು ದಿನ ನನಗೆ ಬಂತು, ನಿಜ. ಬೈಗುಳ ದಿನಾ ಯಾರಿಗೆ ಬರುತ್ತಿದೆ? ಅದನ್ನು ನಿನಗೆ ಹಂಚಲೇ?

ಇನ್ನೊಂದು ಕೇಳುತ್ತೇನೆ, ಸಿಟ್ಟಾಗು. ಹತ್ತು ವರ್ಷದಿಂದ ಗಿರಾಕಿಗಳು ಮಾವನಿಗೆ ಉಸ್ತಾದ ಅನ್ನುತ್ತಾರೆ. ಅವನು ಒಂದು ತಂತಿ ಸುತ್ತಿದ್ದು ನಾನು ನೋಡಿಲ್ಲ. ನೀನು ಒಳಗಿನಿಂದ ಚಹಾ ಕಳಿಸುತ್ತೀಯ. ಅವನಿಗೆ ಒಂದು ದಿನವಾದರೂ ಹೀಗೆ ಬೈದೆಯಾ? ನನಗೆ ಮಾತ್ರ ಯಾಕೆ?

ಯಂತ್ರ ಇನ್ನೂ ನಡುಗುತ್ತಿದೆ. ಆಗಸ್ಟ್ ಹದಿನಾರಕ್ಕೆ ಬಾಯಿ ನನ್ನ ಕಾಯಂ ಕಾಗದಕ್ಕೆ ಸಹಿ ಹಾಕಬೇಕು. ಅಷ್ಟರೊಳಗೆ ಸರಿಯಾಗದಿದ್ದರೆ ಯಂತ್ರವನ್ನೂ ನನ್ನನ್ನೂ ಒಟ್ಟಿಗೆ ಹೊರಗೆ ಹಾಕುತ್ತಾರೆ.

ಬಾಳು


ಬೈಲಹೊಂಗಲ
14 ಜುಲೈ 1974

ಬಾಳು,

ನಡುಕ ಎಲ್ಲಿಂದ ಅಂತ ನನಗೆ ಗೊತ್ತಾಗಿ ಎಂಟು ದಿನವಾಯಿತು. ಎಂಟು ದಿನ ಬೇಕಂತಲೇ ಬರೆಯಲಿಲ್ಲ. ನಿನ್ನನ್ನು ಹೊರಗೆ ಹಾಕಲಿ ಅಂತ ಕೂತಿದ್ದೆ. ಕೂತಲ್ಲಿ ಕೂಡಲು ಆಗಲಿಲ್ಲ, ನನ್ನ ಸ್ವಭಾವ ನಿನಗೆ ಗೊತ್ತು.

ಕಟಕೋಳದಲ್ಲಿ ಚಿಗವ್ವ ಶೆಟ್ಟೆವ್ವ ಬಿದ್ದು ಸೊಂಟ ಮುರಿದುಕೊಂಡಳು. ಹನ್ನೆರಡು ದಿನ ಅಲ್ಲಿದ್ದೆ. ತಿರುಗಿ ಬಂದು ಅಂಗಡಿಯ ಹಳೆಯ ರೇಡಿಯೋ ಹಚ್ಚಿದರೆ ಹಾಡಿಗಿಂತ ಜೋರಾಗಿ ಗುಂಯ್ ಅನ್ನುತ್ತಿದೆ. ಅರ್ಥ್ ಸರಿಯಿಲ್ಲದಿದ್ದರೆ ಹಾಗೆ ಗುಂಯ್ ಅನ್ನುತ್ತದೆ, ಅಪ್ಪ ಹೇಳಿಕೊಟ್ಟಿದ್ದ. ಹಿಂದೆ ಹೋಗಿ ನೋಡಿದೆ. ತೆಗ್ಗು ಬಿರುಕು ಬಿಟ್ಟಿತ್ತು. ಮೇಲೆ ತಗಡು, ಮಳೆ ಬೀಳುವುದಿಲ್ಲ. ಲಗಮಣ್ಣನನ್ನು ಕೇಳಿದೆ.

"ನೀರ ಹಾಕಿದ್ರೇನ?"

"ಯಾವುದಕ್ಕ?"

ಹತ್ತು ವರ್ಷ ನಾನು ದಿನಾ ಸುರಿದದ್ದು ಅವನ ಕಣ್ಣಿಗೆ ಬಿದ್ದೇ ಇಲ್ಲ.

ಕೈಯಲ್ಲಿ ಕೊಡ ಹಿಡಿದವಳಿಗೆ ನಿನ್ನ ಪೆನ್ನುಗಳ ನಡುಕ ನೆನಪಾಯಿತು. ಒಳಗೆ ಹೋಗಿ ಮತ್ತೆ ಸುತ್ತಿಟ್ಟಿದ್ದ ಐದನೆಯ ಸುರುಳಿ ತೆಗೆದೆ. ಒಂದು ಅಯಸ್ಕಾಂತದ ಎರಡು ತುದಿಯ ನಡುವೆ ತೂಗುಹಾಕಿ, ರೇಡಿಯೋದ ಸ್ಪೀಕರ್ ತಂತಿ ಅದಕ್ಕೆ ಕೊಟ್ಟೆ. ತುದಿಗೆ ಕಸಬರಿಗೆಯ ಹಂಚಿಕಡ್ಡಿ ಕಟ್ಟಿ ಮಸಿ ಹಚ್ಚಿ, ಕೆಳಗೆ ಕಾಗದ ಎಳೆದೆ. ಹಣಿಗೆ! ನೀನು ಕಳಿಸಿದ ತುಂಡು ಪಕ್ಕಕ್ಕೆ ಇಟ್ಟು ನೋಡಿದೆ, ಅದೇ ಹಲ್ಲು. ಆಮೇಲೆ ಮೂರು ಕೊಡ ನೀರು ಸುರಿದೆ, ಒಂದು ಹಿಡಿ ಉಪ್ಪು ಹಾಕಿದೆ. ಭೂಮಿ ಗುಟುಕು ಗುಟುಕು ಕುಡಿಯಿತು. ಒಂದು ತಾಸು ಬಿಟ್ಟು ಕಾಗದ ಎಳೆದರೆ ಕೂದಲಿನಂಥ ಗೆರೆ.

ನೀನೇ ಬರೆದಿದ್ದೆ, ಅಂಗಳಕ್ಕೆ ಸಿಮೆಂಟು ಹಾಕುತ್ತಾರೆ ಅಂತ. ನಿಮ್ಮ ಅರ್ಥಿಂಗ್ ತೆಗ್ಗು ಅದರ ಕೆಳಗೆ ಒಣಗಿ ಸಾಯುತ್ತಿದೆ. ಬೇಡದ ಕರೆಂಟು ನೆಲಕ್ಕೆ ಇಳಿಯಲು ದಾರಿಯಿಲ್ಲದೆ ಪೆನ್ನಿಗೆ ಏರಿದೆ. ಮೊದಲೇ ಯಾಕೆ ಹೇಳಲಿಲ್ಲ ಅನ್ನಬೇಡ. ಉಸಿರಾಡು ಅಂತ ಯಾರಾದರೂ ಪತ್ರದಲ್ಲಿ ಬರೆಯುತ್ತಾರೆಯೇ? ಹದಿನಾಲ್ಕು ವರ್ಷದವನಾಗುವ ತನಕ ನೀನೂ ಸಾಲಿಗೆ ಹೋಗುವ ಮೊದಲು ಆ ಕೊಡ ಹೊತ್ತವನೇ. ಅಷ್ಟು ಡಾಕ್ಟರರ ಎದುರು ಒಂದು ತೆಗ್ಗಿಗೆ ನೀರು ಸುರಿಯಲು ನಾಚಿಕೆ ಬಂದು ಮರೆತೆಯೋ, ಮರೆತು ನಾಚಿಕೆ ಬಂತೋ, ನೀನೇ ನೋಡಿಕೊ. ಸಿಮೆಂಟು ಒಡೆಸು. ನೀರು ಹಾಕು. ದಿನಾ ಹಾಕು.

ಮಾವನ ಮಾತು ಎತ್ತಿದ್ದೆ. ಆ ಮಾತು ಮೂರು ವಾರ ನನ್ನನ್ನು ಕಡಿಯಿತು, ಯಾಕೆಂದರೆ ಅದು ಖರೆ. ಮೊನ್ನೆ ಸಂಗೊಳ್ಳಿಯಿಂದ ಒಬ್ಬ ರೈತ ಚಕ್ಕಡಿಯಲ್ಲಿ ಮೋಟರು ತಂದ.

"ಉಸ್ತಾದರು ಅದಾರೇನ್ರಿ?"

ಲಗಮಣ್ಣ ಎಲೆ ಉಗುಳಿ ಏಳುವುದರೊಳಗೆ ನಾನು ಹೊರಗೆ ಬಂದೆ. "ಉಸ್ತಾದ ನಾನ ಅದೇನಿ. ಇಳಸ್ರಿ ಕೆಳಗ. ಎಷ್ಟು ದಿನದಾಗ ಬೇಕು?"

ರೈತ ಲಗಮಣ್ಣನ ಕಡೆ ನೋಡಿದ. ಲಗಮಣ್ಣ ಆಕಾಶ ನೋಡಿ, "ಇವತ್ತ ಬಿಸಲ ಜೋರ ಐತಿ, ಆಕೀ ತಲೀಗ ಏರೇತಿ" ಅಂದ. ನಾನು ಮೋಟರಿನ ಬೋಲ್ಟು ಬಿಚ್ಚಿ, ಒಳಗಿಂದ ಸುಟ್ಟ ಸುರುಳಿ ಕಿತ್ತು, ತಳದ ಚೀಟಿ ತೆಗೆದು ರೈತನ ಕೈಗಿಟ್ಟೆ. ಮೂರು ವರ್ಷದ ಹಿಂದೆ ಸುತ್ತಿದ್ದು. ಅವನು ಅಕ್ಷರ ಕೂಡಿಸಿ ಓದಿದ, ರಾಯವ್ವ. ಲಗಮಣ್ಣ ಎಲೆಯಡಿಕೆಯ ಚಂಚಿ ಎತ್ತಿಕೊಂಡು ಹೊರಗೆ ಹೋದ. ಅವತ್ತಿನಿಂದ ಮಾತು ಬಿಟ್ಟಿದ್ದಾನೆ. ಬಿಡಲಿ, ಎಣಿಸಲು ಅನುಕೂಲ.

ಅಲ್ಲಿ ನೀನು ಹೇಳು, ಇಲ್ಲಿ ನಾನು ಹೇಳಿದ್ದೇನೆ.

ರಾಯವ್ವ


ಮುಂಬಯಿ
30 ಜುಲೈ 1974

ಅಕ್ಕ,

ನೀನು ಹೇಳಿದ್ದೇ ನಿಜವಾಯಿತು. ಹೂವಿನ ಕುಂಡ ಸರಿಸಿ ಸಿಮೆಂಟು ಒಡೆದೆ. ಕೆಳಗೆ ಕೊಳವೆಯ ಸುತ್ತ ಮಣ್ಣು ಬೂದಿಯ ಹಾಗೆ ಒಣಗಿತ್ತು. ಹೊರಗೆ ಮುಂಬಯಿಯ ಮಳೆ ಸುರಿಯುತ್ತಿದೆ, ಸಿಮೆಂಟಿನ ಕೆಳಗೆ ಒಂದು ಹನಿ ಇಲ್ಲ! ಬಕೆಟ್ಟಿನಲ್ಲಿ ನೀರು ಸುರಿದೆ. ವಿದ್ಯಾರ್ಥಿಗಳು ಮೇಲಿನ ಕಿಟಕಿಯಿಂದ, "ಏನು ಬಾಳು, ಬತ್ತ ನಾಟಿ ಮಾಡುತ್ತೀಯಾ?" ಅಂತ ನಕ್ಕರು. ಮಧ್ಯಾಹ್ನ ಯಂತ್ರ ಹಚ್ಚಿದರು. ಗೆರೆ ನೆಟ್ಟಗೆ ನಿಂತಿತು. ಮೊಲ ನಿದ್ದೆ ಹೋಯಿತು, ಅಲೆ ಬಂತು. ಯಾರೂ ನಗಲಿಲ್ಲ. ತುಂಡು ಇಟ್ಟಿದ್ದೇನೆ. ಮೊಲಕ್ಕೆ ತಂತಿ ಹಚ್ಚುವಾಗ ಮದ್ದು ಕೊಡುತ್ತಾರೆ, ನೋವಾಗುವುದಿಲ್ಲ. ಫೆಬ್ರುವರಿಯಲ್ಲಿ ಕೇಳಿದ್ದೆ, ಹೇಳಲು ಮರೆತಿದ್ದೆ.

ಬಾಯಿ ನನ್ನ ಬೆನ್ನು ತಟ್ಟಿ, "ಯಾರು ಕಲಿಸಿದರು ನಿನಗೆ?" ಅಂದರು. ಅಪ್ಪ ಅಂದೆ. ಸುಳ್ಳಲ್ಲ.

ಎರಡನೆಯ ಯಂತ್ರಕ್ಕೂ ನಾಲ್ಕು ಸುರುಳಿ ಬೇಕಂತೆ. ಬೇಗ ಸುತ್ತಿ ನನ್ನ ಖೋಲಿಗೆ ಕಳಿಸು. ಉಳಿದ ಮಾತು ಹದಿನಾರಕ್ಕೆ ಸಹಿ ಆದಮೇಲೆ ಖಂಡಿತ ಹೇಳುತ್ತೇನೆ. ಈಗ ಹೇಳಿದರೆ ಎಲ್ಲ ಹೋಗುತ್ತದೆ. ಹದಿನೈದು ದಿನ ತಡೆದುಕೊ ಅಕ್ಕ. ಇಷ್ಟು ವರ್ಷ ತಡೆದವಳು ನೀನು.

ಬಾಳು


ಬೈಲಹೊಂಗಲ
9 ಆಗಸ್ಟ್ 1974

ಬಾಳು,

ಇದು ಬರಿ ಕಾರ್ಡು. ದಾರಿಯಲ್ಲಿ ಯಾರು ಬೇಕಾದರೂ ಓದಲಿ.

ನಾಲ್ಕು ಸುರುಳಿ ಸುತ್ತಿ ಮುಗಿಸಿದೆ. ಬಾಗಿಲು ತೆರೆದಿಟ್ಟುಕೊಂಡೇ ಸುತ್ತಿದೆ. ಹಜರತಸಾಬ ಎರಡು ಸಲ ಕಡ್ಡಿಪೆಟಿಗೆ ಕೇಳಿದ, ಎಣಿಕೆ ತಪ್ಪಲಿಲ್ಲ.

ಚೀಟಿ ಈ ಸಲ ತಳದಲ್ಲಿ ಇಟ್ಟಿಲ್ಲ. ಎಲ್ಲಕ್ಕೂ ಮೇಲೆ, ವಾರ್ನಿಷಿನ ಕೆಳಗೆ ಅಂಟಿಸಿದ್ದೇನೆ. ಬಿಚ್ಚದೆ ಓದಬಹುದು. ಬಾಯಿಯವರಿಗೆ ಕನ್ನಡ ಬಾರದು ಅಂದಿದ್ದೆಯಲ್ಲ. ಹಜರತಸಾಬನ ಕಡೆಯಿಂದ ಮರಾಠಿ ಅಕ್ಷರದಲ್ಲಿ ನನ್ನ ಹೆಸರು ಬರೆಯಲು ಕಲಿತೆ. ಆರು ದಿನ ಹಿಡಿಯಿತು. ಮೂರನೆಯ ಅಕ್ಷರ ಇನ್ನೂ ಸೊಟ್ಟ ಬರುತ್ತದೆ, ಆದರೆ ಓದಲು ಬರುತ್ತದೆ.

ಪಾರ್ಸಲ್ಲನ್ನು ನಿನ್ನ ಖೋಲಿಗೆ ಕಳಿಸುವುದಿಲ್ಲ. ಬಾಯಿಯವರ ಹೆಸರಿಗೆ ರಿಜಿಸ್ಟರ್ ಮಾಡುತ್ತೇನೆ. ಈ ಕಾರ್ಡು ಇವತ್ತು ಹಾಕುತ್ತೇನೆ, ಪಾರ್ಸಲ್ಲು ಮೂರು ದಿನ ಬಿಟ್ಟು. ಸಹಿಗಿಂತ ಮೊದಲೇ ಮುಟ್ಟುತ್ತದೆ.

ಆ ಮೂರು ದಿನ ನಿನ್ನವು. ನನ್ನ ಹೆಸರನ್ನು ಬಾಯಿಯವರು ನಿನ್ನ ಬಾಯಿಂದ ಕೇಳುತ್ತಾರೋ, ಸುರುಳಿಯ ಮೇಲೆ ಓದುತ್ತಾರೋ, ನೀನೇ ನಿರ್ಧಾರ ಮಾಡು.

ತೆಗ್ಗಿಗೆ ನೀರು ಹಾಕುವುದನ್ನು ಬಿಡಬೇಡ.

ರಾಯವ್ವ